ಲಾಳಿಕೆಯೋ ದೀಪಸ್ತಂಭವೋ

ಎಣಿಸುವುದು ನನ್ನ ಚಟ. ಚೆನ್ನೈನ ಪ್ಯಾರೀಸ್ ಕಾರ್ನರ್‌ನಲ್ಲಿ ಬಸ್ಸಿಳಿದು ಗೋಡೌನ್ ಸ್ಟ್ರೀಟಿಗೆ ನಡೆಯುವಷ್ಟರಲ್ಲಿ ತಲೆಹೊರೆ ಎಷ್ಟು, ಕೈಗಾಡಿ ಎಷ್ಟು ಎಂದು ಬೆರಳು ಮಡಿಚುತ್ತಲೇ ಇರುತ್ತೇನೆ. ಹೆಂಡತಿ ಇದನ್ನು ಕಾಯಿಲೆ ಎನ್ನುತ್ತಾಳೆ. ಸಂಬಳ ಕೊಡುವವರು ಡೇಟಾ ಅನಲಿಸ್ಟ್ ಎನ್ನುತ್ತಾರೆ.

ಇಲ್ಲಿನ ಸಗಟು ಬಟ್ಟೆ ಅಂಗಡಿಗಳಿಗೆ ಊರೂರಿನ ಚಿಲ್ಲರೆಯವರು ಆರ್ಡರ್ ಹಾಕುವ ಆ್ಯಪ್ ನಮ್ಮದು. ತಂಡದಲ್ಲಿ ಐವರು, ದುಡ್ಡಿರುವುದು ಒಂದೇ ಸಾಫ್ಟ್‌ವೇರಿಗೆ. ಆ್ಯಪಿನೊಳಗೆ ಗಿರಾಕಿಯ ಓಡಾಟ ತೋರಿಸುವ ಮಿಕ್ಸ್‌ಪ್ಯಾನಲ್, ಆಂಪ್ಲಿಟ್ಯೂಡ್ ಥರದ್ದು ಬೇಕೆಂದು ತಂಡದ ಹೊಸೂರಿನ ಹುಡುಗ. ಇರುವ ಲೆಕ್ಕವನ್ನು ಚಿತ್ರವಾಗಿಸುವ ಟ್ಯಾಬ್ಲೋನೋ ಪವರ್ ಬಿಐಯೋ ಸಾಕೆಂದು ನಾನು.

ಒಂದು ಮಧ್ಯಾಹ್ನ ಅವನು ಅಂಗಡಿಯೊಂದರ ಎದುರು ನನಗೆ ಟೀ ಕೊಡಿಸಿ ನಿಲ್ಲಿಸಿಕೊಂಡ. "ನೋಡಿ ಸಾರ್, ಒಳಗೆ ಹೋದವರು ಹತ್ತು. ಥಾನು ಬಿಚ್ಚಿಸಿದವರು ಆರು. ಬಿಲ್ಲು ಬರೆಸಿದವರು ಇಬ್ಬರು. ಮಿಕ್ಕವರು ಎಲ್ಲಿ ಜಾರಿಕೊಂಡರು?" ಅವನ ಸಾಫ್ಟ್‌ವೇರಿನವರು ಹೇಳುವ ಫನಲ್ ಎಂದರೆ ಇದೇ, ನಮ್ಮ ಲಾಳಿಕೆ. ಗಿರಾಕಿಯ ಹೆಜ್ಜೆ ಹಿಡಿದು ಹೋಗುವ ವಿದ್ಯೆ. ಆದರೆ ಯಾವ ಹೆಜ್ಜೆ ಬರೆದಿಡಬೇಕೆಂದು ಆ್ಯಪಿನೊಳಗೆ ಮೊದಲೇ ಹೊಲಿದಿರಬೇಕು. ಹೊಲಿಯದೆ ಬಿಟ್ಟ ನಿನ್ನೆಗಳು ಹೋದವೇ.

ನನ್ನ ಪಕ್ಷ ಎದುರಿನ ಹೈಕೋರ್ಟ್ ಗುಮ್ಮಟದ್ದು. 1894ರಿಂದ 1977ರವರೆಗೆ ಅದರ ನೆತ್ತಿಯೇ ದೀಪಸ್ತಂಭ. ಅಲ್ಲಿಂದ ಒಬ್ಬನ ಹೆಜ್ಜೆ ಕಾಣದು, ಇಡೀ ಬಂದರೇ ಕಾಣುತ್ತದೆ. ನನ್ನ ಸಾಫ್ಟ್‌ವೇರೂ ಹಾಗೆಯೇ: ಎಕ್ಸೆಲ್‌ನಲ್ಲಿ ಕೊಳೆಯುತ್ತಿರುವ ಹಳೇ ಬಿಲ್ಲುಗಳನ್ನು ಅದಕ್ಕೆ ಸುರಿದು, ದಿನಾಂಕವನ್ನು ಅಡ್ಡಕ್ಕೆ, ಮೊತ್ತವನ್ನು ಉದ್ದಕ್ಕೆ ಎಳೆದರೆ ಸಾಕು, ಹದವಾಗಿ ಬೆಂದ ದೋಸೆಯ ಅಂಚಿನಂತೆ ಗೆರೆ ತಾನೇ ಏಳುತ್ತದೆ. ಆ ಸುಖ ಹೇಳತೀರದು. ವ್ಯಾಪಾರದ ಲೆಕ್ಕವನ್ನು ಹೀಗೆ ಗೆರೆಗಿಳಿಸಿದ ಪುಸ್ತಕವನ್ನು ವಿಲಿಯಂ ಪ್ಲೇಫೇರ್ ಹೊರತಂದದ್ದು 1786ರಲ್ಲಿ. ಈ ಮೂಲೆಗೆ ಹೆಸರು ಕೊಟ್ಟ ಥಾಮಸ್ ಪ್ಯಾರಿ ಮದರಾಸಿನಲ್ಲಿ ವ್ಯಾಪಾರ ಶುರುಮಾಡಿದ್ದು 1788ರಲ್ಲಿ. ಇವನ ಲೆಡ್ಜರು ಅವನ ಕೈಗೆ ಸಿಕ್ಕಿದ್ದರೆ ಎಂದು ಎಷ್ಟೋ ಸಲ ಹೊಟ್ಟೆ ಉರಿದುಕೊಂಡಿದ್ದೇನೆ.

ಪುಕ್ಕಟೆ ಸಿಗುವ ಪವರ್ ಬಿಐ ಡೆಸ್ಕ್‌ಟಾಪಿನಲ್ಲಿ ಗೆರೆ ಎಳೆದೆ. ಪ್ರತಿ ಮಂಗಳವಾರ ಒಂದು ಗುಂಡಿ. ಗೆದ್ದೆನೆಂದುಕೊಂಡೆ. "ಜನ ಬರೋದೇ ಇಲ್ವೋ, ಬಂದು ವಾಪಸ್ ಹೋಗ್ತಾರೋ ಸಾರ್?" ಎಂದ ಹುಡುಗ. ನನ್ನ ಗೆರೆ ಬಾಯಿ ಬಿಡಲಿಲ್ಲ.

ಪ್ರಿಂಟು ಹಿಡಿದು ಇಬ್ಬರೂ ಅಂಗಡಿಗೇ ಹೋದೆವು. ಯಜಮಾನರು ಕನ್ನಡಕ ಏರಿಸಿ ಗುಂಡಿಗಳ ಮೇಲೆ ಬೆರಳಾಡಿಸಿ, ತಮಿಳಿನಲ್ಲಿ ಹೇಳಿದರು: "ಮಂಗಳವಾರ ಸಾಲಕ್ಕೆ ಸರಕು ಕೊಡೋದಿಲ್ಲ ತಂಬಿ. ತಾತನ ಕಾಲದಿಂದ ಹಾಗೇ."

ಹುಡುಗ ನನ್ನ ಕೈಯಿಂದ ಹಾಳೆ ಕಿತ್ತುಕೊಂಡು ಮಗುಚಿದ. ಅದರ ಬೆನ್ನ ಮೇಲೆ, ಆ್ಯಪಿನಲ್ಲಿ ಹೊಲಿಯಬೇಕಾದ ಹೊಸ ಹೆಜ್ಜೆಯ ಹೆಸರು ಬರೆದ: 'ಸಾಲ ಕೇಳಿದರು'.