ಟಿ.ಸಿ. ಇಲ್ಲದ ಕ್ಯಾಮೆರಾ

ಹಳೆಯ ಫಿಲ್ಮ್ ಕ್ಯಾಮೆರಾ ಕೈಗೆ ಬಂದರೆ ಬಲ್ಲವರು ಲೆನ್ಸಿಗೆ ಬೂಷ್ಟು ಹಿಡಿದಿದೆಯೇ ನೋಡುತ್ತಾರೆ, ಶಟರ್ ಒತ್ತಿ ಕಿವಿಗೊಡುತ್ತಾರೆ. ನಾನು ಅದನ್ನು ತಿರುವಿ ಮುರುವಿ ನಂಬರ್ ಹುಡುಕುತ್ತೇನೆ. ಅದು ಫೋಟೋ ತೆಗೆಯುತ್ತದೋ ಇಲ್ಲವೋ ಎಂಬುದು ಆಮೇಲಿನ ಮಾತು. ಹೆಂಗಸರ ವಯಸ್ಸು, ಗಂಡಸರ ಸಂಬಳ ಕೇಳಬಾರದೆಂದು ಹಿರಿಯರು ಹೇಳಿದ್ದಾರೆ. ಕ್ಯಾಮೆರಾದ ವಯಸ್ಸಿನ ಬಗ್ಗೆ ಅವರೇನೂ ಅಪ್ಪಣೆ ಕೊಡಿಸಿದಂತಿಲ್ಲ.

ನಮ್ಮೂರಿನ ಸ್ಟುಡಿಯೋ ರಾಯರ ಹತ್ತಿರ ಒಂದು ಜೆನಿಟ್-ಇ ಇದೆ. ಮಾಸ್ಕೋ ಪಕ್ಕದ ಕ್ರಾಸ್ನೊಗೊರ್ಸ್ಕ್ ಕಾರ್ಖಾನೆಯ ಸರಕು, ಇಟ್ಟಿಗೆಯಷ್ಟು ಭಾರ. "ಎಂಬತ್ತನೇ ಇಸವೀಲಿ ಹೊಚ್ಚ ಹೊಸದು ಅಂತ ತಗೊಂಡಿದ್ದು ಕಣಯ್ಯಾ" ಎಂದು ರಾಯರು ಅದನ್ನು ಪಂಚೆಯ ಅಂಚಿನಿಂದ ಒರೆಸಿ ಕೊಟ್ಟರು. ಸೋವಿಯತ್ ಸರ್ಕಾರ ಗುಟ್ಟು ಬಿಟ್ಟುಕೊಡುವುದಿಲ್ಲವೆಂದು ಆಗ ಲೋಕವೆಲ್ಲ ಹೇಳುತ್ತಿತ್ತು. ಕ್ಯಾಮೆರಾದ ವಿಷಯದಲ್ಲಿ ಮಾತ್ರ ಅದಕ್ಕೆ ಬಾಯಿ ನಿಲ್ಲುತ್ತಿರಲಿಲ್ಲ: ನಂಬರಿನ ಮೊದಲೆರಡು ಅಂಕಿ ಸಾಮಾನ್ಯವಾಗಿ ತಯಾರಾದ ವರ್ಷವೇ. ರಾಯರದ್ದು 73ರಿಂದ ಶುರುವಾಗುತ್ತದೆ.

"ರಾಯರೇ, ನಿಮ್ಮ ಕೈಗೆ ಬರುವಾಗ ಇದು ಎರಡನೇ ಕ್ಲಾಸು ಓದುತ್ತಿತ್ತು" ಎಂದೆ.

ರಾಯರು ಬೇಸರಪಡಲಿಲ್ಲ. "ನನ್ನ ಸರ್ಟಿಫಿಕೇಟಲ್ಲಿ ಜೂನ್ ಒಂದು ಅಂತಿದೆ. ನಮ್ಮಮ್ಮ ದೀಪಾವಳಿ ಎದುರಿಗೆ ಹುಟ್ಟಿದ್ದು ಅಂತಿದ್ದಳು. ಹೆಡ್‌ಮಾಸ್ತರು ಏನು ಬರೆದರೋ ಅದೇ ಹುಟ್ಟಿದ ದಿನ. ಇದಕ್ಕೂ ಯಾರೋ ಮಾಸ್ತರು ಬರೆದಿರ್ತಾನೆ, ಬಿಡು."

ಆ ಮಾತನ್ನು ತಳ್ಳಿಹಾಕುವಂತಿಲ್ಲ. ಜಪಾನಿನಲ್ಲೂ ಅಂಥ ಮಾಸ್ತರೊಬ್ಬರಿದ್ದರು. ಮೊದಲ ನಿಕಾನ್ ಮಾರುಕಟ್ಟೆಗೆ ಬಂದದ್ದು 1948ರಲ್ಲಿ. ನಂಬರ್ ಮಾತ್ರ 609ರಿಂದ ಆರಂಭ. 6 ಎಂದರೆ 1946, 09 ಎಂದರೆ ಸೆಪ್ಟೆಂಬರ್, ಅಂದರೆ ಕಾಗದದ ಮೇಲೆ ವಿನ್ಯಾಸ ಮುಗಿದ ತಿಂಗಳು. ಹಿಂದೆ ಮುಂದೆ ಹುಟ್ಟಿದ ಮಕ್ಕಳಿಗೆಲ್ಲ ಒಂದೇ ತಾರೀಕು. ಆ ಕಾಲದ ಕ್ಯಾಮೆರಾಗಳ ಮೇಲೆ 'ಆಕ್ರಮಿತ ಜಪಾನಿನಲ್ಲಿ ತಯಾರಾದದ್ದು' ಎಂಬ ಕೆತ್ತನೆಯೂ ಇರುತ್ತದೆ. ಸೋತ ದೇಶ ತನ್ನ ಅತ್ಯುತ್ತಮ ಕೆಲಸದ ಮೇಲೆ ತಾನೇ ಆ ಸಾಲು ಕೊರೆಯಬೇಕಾಯಿತು. ಅದನ್ನು ಓದಿದರೆ ಬಾಯಿಗೆ ಬಂದ ತಮಾಷೆ ಅಲ್ಲೇ ಉಳಿಯುತ್ತದೆ.

1959ರ ನಿಕಾನ್ ಎಫ್‌ನ ಕಥೆ ಇನ್ನೊಂದು ಬಗೆಯದು. ಅದರ ನಂಬರುಗಳು 6400001ರಿಂದ ಹೊರಟವು. ಇದನ್ನರಿಯದ ಗುಜರಿಯವನು "ಅರವತ್ನಾಲ್ಕನೇ ಇಸವಿ ಮಾಡೆಲ್ ಸಾರ್" ಎಂದು ನಂಬಿಕೆಯಿಂದ ಹೇಳುತ್ತಾನೆ. ವಯಸ್ಸಾದಷ್ಟೂ ಬೆಲೆ ಏರುವ ಈ ಲೋಕದಲ್ಲಿ ಐದು ವರ್ಷ ಕಡಿಮೆ ಹೇಳಿ ನಷ್ಟ ಮಾಡಿಕೊಳ್ಳುವ ಪುಣ್ಯಾತ್ಮ.

ನನಗೆ ಎಲ್ಲಕ್ಕಿಂತ ಇಷ್ಟ ಸ್ವೀಡನ್ನಿನ ಹ್ಯಾಸೆಲ್‌ಬ್ಲಾಡ್. ಅದರ ನಂಬರಿನ ಮುಂದೆ ಎರಡು ಅಕ್ಷರಗಳಿರುತ್ತವೆ. 'ವಿ, ಎಚ್, ಪಿ, ಐ, ಸಿ, ಟಿ, ಯು, ಆರ್, ಇ, ಎಸ್' ಎಂಬ ಹತ್ತು ಅಕ್ಷರಗಳನ್ನು ಒಂದರಿಂದ ಎಣಿಸುತ್ತ ಬಂದರೆ ಕೊನೆಯ ಎಸ್ ಸೊನ್ನೆ. ಹೀಗೆ ಟಿ ಆರು, ಸಿ ಐದು. 'ಟಿಸಿ' ಎಂದಿದ್ದರೆ 1965ರಲ್ಲಿ ಹುಟ್ಟಿದ್ದು. ಶಾಲೆಯ ಟಿ.ಸಿ.ಗಿಂತ ಇದು ನಂಬಿಕಸ್ಥ. ಈ ಚಮತ್ಕಾರವನ್ನು ಸಂಗೀತದ ಮೇಡಂ ಆಗಿದ್ದ ನಮ್ಮತ್ತೆಗೆ ಉತ್ಸಾಹದಿಂದ ವಿವರಿಸಿದೆ. ಅವರು ಹುರಿಗಡಲೆ ಬಾಯಿಗೆ ಹಾಕಿಕೊಳ್ಳುತ್ತ, "ಇದರಲ್ಲೇನು ಮಹಾ? ಕಟಪಯಾದಿ ಕಣೋ. ಮೇಚಕಲ್ಯಾಣಿ ಅನ್ನು. ಮ ಐದು, ಚ ಆರು. ತಿರುಗಿಸು. ಅರವತ್ತೈದನೇ ಮೇಳ. ನಿನ್ನ ಕ್ಯಾಮೆರಾ ಕಲ್ಯಾಣಿ" ಎಂದರು. ಅಂದಿನಿಂದ ಟಿಸಿ ಅಕ್ಷರಗಳನ್ನು ಕಂಡಾಗಲೆಲ್ಲ ಒಳಗೆ ತಂಬೂರಿ ಶುರುವಾಗುತ್ತದೆ. 1929ರ ಕ್ಯಾಮೆರಾ ಸಿಕ್ಕರೆ ಧೀರಶಂಕರಾಭರಣವಾಗುತ್ತಿತ್ತು. ಆಗಿನ್ನೂ ಹ್ಯಾಸೆಲ್‌ಬ್ಲಾಡ್ ಕ್ಯಾಮೆರಾ ಮಾಡಲು ತೊಡಗಿರಲಿಲ್ಲ.

ಇದರ ಫಿಲ್ಮ್ ಮ್ಯಾಗಜಿನ್‌ಗೂ ಒಳಗಿನ ತುಂಡಿಗೂ ನಂಬರಿನ ಕೊನೆಯ ಮೂರಂಕಿ ಒಂದೇ ಇರಬೇಕು. ಯಾವುದೋ ಸ್ಟುಡಿಯೋದ ಗಡಿಬಿಡಿಯಲ್ಲಿ ಅದಲುಬದಲಾದರೆ ಅವು ಮತ್ತೆ ಸೇರುವುದು ಕಷ್ಟ. ಕೆಲಸ ಕೆಡದಿದ್ದರೂ ಬೆಲೆ ಕೆಡುತ್ತದೆ. ಅಂಥ ಜೋಡಿ ತಪ್ಪಿದ್ದನ್ನು ಕಂಡಾಗ, ಇದರ ಜೊತೆಯದು ಈಗ ಯಾವ ದೇಶದ ಯಾವ ಬೀರುವಿನಲ್ಲಿದೆಯೋ ಎಂದು ಸುಮ್ಮನೆ ಯೋಚಿಸುತ್ತೇನೆ. ಇದರಿಂದ ಯಾರಿಗೂ ಉಪಯೋಗವಿಲ್ಲ.

ಲೈಕಾದವರ ಸಹವಾಸ ಮಾತ್ರ ನನಗೆ ಎಟುಕದು. ಲೈಕಾದ ವಿನ್ಯಾಸಕ ಆಸ್ಕರ್ ಬಾರ್ನಾಕ್ ತಾನೇ ಬಳಸಿದ 105ನೇ ನಂಬರಿನ ಲೈಕಾ 2022ರಲ್ಲಿ 1.44 ಕೋಟಿ ಯೂರೋಗೆ ಹರಾಜಾಯಿತು. ಇಷ್ಟು ಹಣ ಕಂಡ ಮೇಲೆ ಕಳ್ಳತನ ಹುಟ್ಟದಿರುತ್ತದೆಯೇ? ಖಾರ್ಕೀವಿನ ಫೆಡ್ ಕ್ಯಾಮೆರಾಕ್ಕೆ ಲೈಕಾ ಹೆಸರು ಕೆತ್ತಿ, ಮೇಲೊಂದು ಜರ್ಮನ್ ಹದ್ದನ್ನು ಕೂರಿಸಿ ಮಾರುವವರು ಬಹಳ. ಕೆತ್ತಿದ ನಂಬರನ್ನು ಲೈಕಾ ಪಟ್ಟಿಯಲ್ಲಿ ಹುಡುಕಿದರೆ ಎಷ್ಟೋ ಸಲ ಅದು ಬೇರೆಯೇ ಮಾಡೆಲ್ಲಿಗೆ ಸೇರಿದ್ದಾಗಿರುತ್ತದೆ. ಹದ್ದು ಕೆತ್ತುವಷ್ಟು ತಾಳ್ಮೆಯಿದ್ದವನಿಗೆ ಪಟ್ಟಿ ನೋಡುವ ತಾಳ್ಮೆ ಇರಲಿಲ್ಲ.

ಇಷ್ಟೆಲ್ಲ ಬಲ್ಲ ನಮ್ಮ ಮನೆಯಲ್ಲೇ ಇರುವುದು ಬರೋಡದಲ್ಲಿ ತಯಾರಾದ ಆಗ್ಫಾ ಕ್ಲಿಕ್ 3. ಒಂದು ರೋಲಿಗೆ ಹನ್ನೆರಡು ಚೌಕದ ಫೋಟೋ. ಅಕ್ಕನ ನಾಮಕರಣ, ತಾತನ ಕೊನೆಯ ಚಿತ್ರ, ಅಪ್ಪ ಕೂದಲಿದ್ದ ಕಾಲದಲ್ಲಿ ಜೋಗದ ಎದುರು ನಿಂತದ್ದು ಎಲ್ಲವನ್ನೂ ಅದೇ ನೋಡಿದ್ದು. ಭೂತಗನ್ನಡಿ ಹಿಡಿದು ಒಳಗೂ ಹೊರಗೂ ಹುಡುಕಿದೆ. ನಂಬರ್ ಸಿಗಲಿಲ್ಲ. ಕೊನೆಗೆ ಅಮ್ಮನನ್ನೇ ಕೇಳಿದೆ.

"ನಿಮ್ಮಕ್ಕ ಹುಟ್ಟಿದ ವರ್ಷ ತಂದಿದ್ದು. ಆ ವರ್ಷ ಹಲಸು ಸಿಕ್ಕಾಪಟ್ಟೆ ಬಂದಿತ್ತು" ಎಂದಳು ಅಮ್ಮ.

"ಅದು ಮಾರನೇ ವರ್ಷ ಕಣೇ" ಎಂದರು ಅತ್ತೆ ಒಳಗಿನಿಂದಲೇ. "ಅವಳು ಹುಟ್ಟಿದ ವರ್ಷ ಹಲಸಿನಕಾಯಿ ಹಪ್ಪಳಕ್ಕೂ ಗತಿ ಇರಲಿಲ್ಲ."