ಬೀಗದ ಕೈ ಕೊಟ್ಟು ಹೋದವರ ಮನೆಯಲ್ಲಿ

ಊರಿಗೆ ಹೊರಟವರು ಹಾಲಿನವನಿಗೆ, ಪೇಪರಿನ ಹುಡುಗನಿಗೆ ಬೇಡವೆಂದು ಹೇಳಿದರೆ ಮುಗಿಯಿತು. ಗಿಡಕ್ಕೆ ನೀರು ಹಾಕಲು ಪಕ್ಕದ ಮನೆಯವರಿದ್ದಾರೆ. ತೊಡಕಾಗುವುದು ನಾಯಿಯ ವಿಷಯಕ್ಕೆ. ಮೈಸೂರಿನ ನಮ್ಮ ಬಡಾವಣೆಯಲ್ಲಿ ಇದು ಹೆಚ್ಚಾಗಿ ಹೀಗಿರುತ್ತದೆ: ಮಗಳು ಕಾಲೇಜಿಗೆ ಹೋಗುವಾಗ ಹಟ ಹಿಡಿದು ತಂದ ಮರಿ, ಈಗ ಮಗಳು ಅಮೆರಿಕದಲ್ಲಿ, ಮರಿ ಮುಪ್ಪಾದ ಲ್ಯಾಬ್ರಡಾರ್, ಅದನ್ನು ಸಾಕುತ್ತಿರುವವರು ಎಪ್ಪತ್ತು ದಾಟಿದ ಅಪ್ಪ ಅಮ್ಮ. ಮಗಳ ಬಾಣಂತನಕ್ಕೆ ಇಬ್ಬರೂ ಹೊರಡಬೇಕು. ಅಂಥ ಮನೆಗಳ ಬೀಗದ ಕೈ ಇಸಿದುಕೊಂಡು, ಅವರು ಬರುವತನಕ ಅವರ ನಾಯಿ ಬೆಕ್ಕುಗಳನ್ನು ಅವುಗಳ ಮನೆಯಲ್ಲೇ ನೋಡಿಕೊಳ್ಳುವುದು ನನ್ನ ಕೆಲಸ. ಬಂಡವಾಳವೆಂದರೆ ಒಂದು ಸ್ಕೂಟರು, ಒಂದು ಗೆರೆ ಹಾಕಿದ ನೋಟ್‌ಬುಕ್ಕು, ಬೀಗದ ಕೈ ನೇತುಹಾಕುವ ಮೊಳೆಗಳ ಹಲಗೆ. ಬೀಗದ ಕೈಗಳ ಮೇಲೆ ಮನೆ ನಂಬರು ಬರೆಯುವುದಿಲ್ಲ, ಪ್ರಾಣಿಯ ಹೆಸರು ಮಾತ್ರ. ಎಲ್ಲಾದರೂ ಬಿದ್ದುಹೋದರೂ 'ಚಿನ್ನಿ' ಎಂಬ ಚೀಟಿ ನೋಡಿ ಯಾರಿಗೂ ಯಾವ ಬಾಗಿಲೆಂದು ಗೊತ್ತಾಗಬಾರದು.

ಅವರು ಹೊರಡುವುದಕ್ಕೆ ಒಂದು ವಾರ ಮುಂಚೆಯಾದರೂ ಮೊದಲ ಭೇಟಿ ಆಗಲೇಬೇಕು. ಆ ಭೇಟಿಯಲ್ಲಿ ನಡುಮನೆಯ ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕೂರುತ್ತೇನೆ, ನಾಯಿಯ ಕಡೆ ನೆಟ್ಟಗೆ ನೋಡುವುದಿಲ್ಲ, ಕೈ ಚಾಚುವುದಿಲ್ಲ. "ಏನೂ ಮಾಡಲ್ಲ ಕಣಮ್ಮಾ, ತಲೆ ಸವರು" ಎಂದು ಮನೆಯವರು ಹೇಳುತ್ತಲೇ ಇರುತ್ತಾರೆ. ನಾನು ಅವರೊಡನೆ ಮಾತಾಡುತ್ತಾ ಇರುತ್ತೇನೆ, ಅದು ನನ್ನನ್ನು ಓದುತ್ತಾ ಇರುತ್ತದೆ. ಮೊದಲು ಪಾದ. ಆಮೇಲೆ ದುಪಟ್ಟಾದ ತುದಿ, ಅಲ್ಲಿ ಬೆಳಿಗ್ಗೆ ನೋಡಿ ಬಂದ ಇನ್ನೊಂದು ನಾಯಿಯ ವಾಸನೆ ಇರುವುದರಿಂದ ತುಸು ಹೆಚ್ಚು ಹೊತ್ತು. ಆಮೇಲೆ ಅಂಗೈಯ ಹಿಂಭಾಗಕ್ಕೆ ಒದ್ದೆ ಮೂಗು ತಗಲಿ, ಪುಸ್ ಎಂದು ಒಂದು ಉಸಿರು ಹೊರಬರುತ್ತದೆ. ಹೊರಟುಹೋಗಿ ನೀರು ಕುಡಿದು ಮತ್ತೆ ಬರುತ್ತದೆ. ಹೀಗೆ ತಾನಾಗಿ ಎರಡನೆಯ ಸಲ ಬಂದರೆ ನನಗೆ ಒಪ್ಪಿಗೆ ಸಿಕ್ಕಂತೆ. ಆ ಗಳಿಗೆ ನನಗೆ ಎಷ್ಟು ಇಷ್ಟವೆಂದರೆ, ಈ ಕೆಲಸ ಶುರುಮಾಡಿದ್ದೇ ಅದಕ್ಕಾಗಿ ಎಂದರೂ ಸುಳ್ಳಾಗದು.

ಅದೇ ಹೊತ್ತಿನಲ್ಲಿ ನೋಟ್‌ಬುಕ್ಕೂ ತುಂಬುತ್ತದೆ. ವಾಕಿಂಗಿಗೆ ರಸ್ತೆಯ ಯಾವ ಬದಿ, ಯಾವ ಮನೆಯ ಗೇಟಿನ ಮುಂದೆ ಜಗಳ, ಮಲಗುವುದು ಯಾರ ಮಂಚದ ಕೆಳಗೆ, ಬೆಳಿಗ್ಗೆ ರೇಡಿಯೋ ಹಾಕುತ್ತಾರೋ ಇಲ್ಲವೋ, ಸಂಜೆ ದೀಪ ಹಚ್ಚಿದಾಗ ಗಂಟೆ ಬಾರಿಸುತ್ತಾರೋ. ಇವೆಲ್ಲ ಸಣ್ಣ ಸಂಗತಿಗಳೆಂದು ಮನೆಯವರು ಹೇಳಲು ಹೋಗುವುದಿಲ್ಲ, ಕೇಳಿ ಬರೆದುಕೊಳ್ಳಬೇಕು. ಮನೆಯವರಿಲ್ಲವೆಂಬುದು ನಾಯಿಗೆ ಗೊತ್ತಾಗುವುದನ್ನು ನಾನು ತಪ್ಪಿಸಲಾರೆ. ಆದರೆ ಆರು ಗಂಟೆಗೆ ಗಂಟೆ ಬಾರಿಸಿದರೆ, ಎಂಟಕ್ಕೆ ತಟ್ಟೆ ಅದೇ ಮೂಲೆಯಲ್ಲಿ ಬಿದ್ದರೆ, ಅದರ ದಿನ ಕದಡದೆ ನಡೆಯುತ್ತದೆ.

ಊಟದ ವಿಚಾರದಲ್ಲಿ ನಮ್ಮ ಮನೆಗಳಲ್ಲಿ ಪ್ರೀತಿಯೇ ಕೆಲವು ಸಲ ಕೇಡು ಮಾಡುತ್ತದೆ. ಉಳಿದ ಹುಳಿ ಅನ್ನ ನಾಯಿಗೆ ಹಾಕುವುದು ಅಜ್ಜಿಯಂದಿರ ಕಾಲದಿಂದ ಬಂದ ರೂಢಿ. ಹುಳಿಯಲ್ಲಿನ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಪಾಯಸದ ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಅಪಾಯ. ಬೆಕ್ಕಿಗೆ ಜ್ವರವೆಂದು ಅರ್ಧ ಪ್ಯಾರಾಸಿಟಮಾಲ್ ಹಾಕಿದರೆ ಜೀವಕ್ಕೇ ಎರವು. ಇದನ್ನು ನಾನು ಹೋದ ಮನೆಯಲ್ಲೆಲ್ಲ ಹೇಳುತ್ತೇನೆ. ಮೊಸರನ್ನ ಕಲಸಿಟ್ಟು ಹೋಗುವವರಿಗೆ ಮಾತ್ರ ಏನೂ ಹೇಳುವುದಿಲ್ಲ. ಹುಟ್ಟಿದಾಗಿನಿಂದ ಅದನ್ನೇ ತಿಂದು ಅರಗಿಸಿಕೊಂಡ ನಾಯಿಗೆ ಎರಡು ವಾರದ ಮಟ್ಟಿಗೆ ಹೊಸ ಆಹಾರ ಅಭ್ಯಾಸ ಮಾಡಿಸಲು ನಾನು ಯಾರು?

ಬೆಕ್ಕುಗಳ ಲೆಕ್ಕವೇ ಬೇರೆ. ಮೊದಲ ಎರಡು ದಿನ ಬೆಕ್ಕು ಬೀರುವಿನ ಹಿಂದೆ ಸೇರಿಕೊಂಡು ಮುಖವನ್ನೇ ತೋರಿಸದಿರಬಹುದು. ಆಗ ನನ್ನೊಡನೆ ಮಾತಾಡುವುದು ತಟ್ಟೆ ಮತ್ತು ಟ್ರೇ. ತಟ್ಟೆಯಲ್ಲಿ ಹಾಕಿದ್ದೆಷ್ಟು, ಉಳಿದದ್ದೆಷ್ಟು ಎಂದು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆಯುತ್ತೇನೆ. ಬೆಕ್ಕು ಎರಡು ಮೂರು ದಿನ ಊಟ ಬಿಟ್ಟರೆ ಮೈಯ ಕೊಬ್ಬೆಲ್ಲ ಯಕೃತ್ತಿಗೆ ಹೋಗಿ ತುಂಬಿಕೊಳ್ಳುವ ಕಾಯಿಲೆ ಬರಬಹುದು, ಅದರಲ್ಲೂ ದಪ್ಪಗಿರುವ ಬೆಕ್ಕಿಗೆ. ಟ್ರೇಯ ಮರಳಿನಲ್ಲಿ ಮೂತ್ರದ ಉಂಡೆ ಎಷ್ಟು, ಯಾವ ಗಾತ್ರ, ಅದನ್ನೂ ನೋಡಬೇಕು.

ಒಂದು ಸಂಜೆ ಸರಸ್ವತಿಪುರಂನ ಮನೆಯೊಂದರಲ್ಲಿ ಹಳದಿ ಗಂಡು ಬೆಕ್ಕು ಟ್ರೇಗೆ ಹೋಗಿ ಕೂತಿತು, ಎದ್ದಿತು, ಮರಳು ಕೆದಕಿತು, ಮತ್ತೆ ಕೂತಿತು. ಬೆನ್ನು ಬಾಗಿತ್ತು, ಬಾಲದ ತುದಿ ಸಣ್ಣಗೆ ನಡುಗುತ್ತಿತ್ತು. ಮರಳು ಒಣಗಿಯೇ ಇತ್ತು. ಬೆಳಗಿನ ಉಂಡೆಯೂ ಗೋಲಿಯಷ್ಟು ಮಾತ್ರ ಇದ್ದದ್ದು ನೋಟ್‌ಬುಕ್ಕಿನಲ್ಲಿತ್ತು. ಗಂಡು ಬೆಕ್ಕಿಗೆ ಮೂತ್ರ ಕಟ್ಟಿದರೆ ಒಂದೆರಡು ದಿನದಲ್ಲೇ ಪ್ರಾಣ ಹೋಗಬಹುದು, ಬೆಳಗಾಗಲಿ ಎಂದು ಕಾಯುವ ಹಾಗಿಲ್ಲ. ಬುಟ್ಟಿಯಲ್ಲಿ ಟವೆಲ್ ಹಾಸಿ, ಬೆಕ್ಕನ್ನು ಕೂರಿಸಿ, ಆಟೋದಲ್ಲಿ ಪಶುವೈದ್ಯರ ಬಳಿ ಓಡಿದೆ. ಅವರು ನಳಿಕೆ ಹಾಕಿ ಮೂತ್ರ ತೆಗೆದರು. ಅದರ ಯಜಮಾನಿ ಫೋನಿನಲ್ಲಿ ಕೇಳಿದ ಮೊದಲ ಮಾತು, "ಅಕ್ಕಾ, ನಿಮಗೆ ಹೇಗೆ ಗೊತ್ತಾಯ್ತು?" ಬೆಳಗಿನ ಉಂಡೆಯ ವಿಷಯ ಹೇಳಿದೆ. ಬೆಕ್ಕು ಈಗಲೂ ಚೆನ್ನಾಗಿದೆ, ನೀರು ಹೆಚ್ಚು ಕುಡಿಯಲೆಂದು ಮನೆ ತುಂಬ ಬಟ್ಟಲು ಇಟ್ಟಿದ್ದಾರೆ.

ಹಾಗಾಗಿಯೇ ಕಾಗದ ಪತ್ರದಲ್ಲಿ ನಾನು ಬಿಗಿ. ಲಸಿಕೆಯ ಪುಸ್ತಕ, ವೈದ್ಯರ ನಂಬರು, ತುರ್ತಿನಲ್ಲಿ ಇಷ್ಟು ರೂಪಾಯಿವರೆಗೆ ಚಿಕಿತ್ಸೆ ಕೊಡಿಸಬಹುದೆಂದು ಸಹಿ ಮಾಡಿದ ಪತ್ರ, ಇವಿಲ್ಲದೆ ಕೀ ಇಸಿದುಕೊಳ್ಳುವುದಿಲ್ಲ. ಪಂಜರದ ಗಿಣಿಯನ್ನು ನೋಡಿಕೊಳ್ಳುವಿರಾ ಎಂದವರಿಗೆ ಆಗದು ಎನ್ನುತ್ತೇನೆ: ನಮ್ಮ ಕಾಡಿನ ಗಿಣಿಯನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ನಕ್ಷತ್ರ ಆಮೆಯೂ ಹಾಗೆಯೇ. ದುಡ್ಡಿನ ಮಾತು ಬಂದಾಗ ಎದುರು ಮನೆಯ ಅಜ್ಜಿ ಕೇಳಿದರು, "ಅಲ್ವೇ, ನಾಯಿಗೆ ಅನ್ನ ಹಾಕೋಕೂ ದುಡ್ಡು ತಗೋತೀಯಾ?" "ಅನ್ನ ಹಾಕೋಕಲ್ಲ ಅಜ್ಜಿ, ತಿಂತಾ ಅಂತ ನೋಡೋಕೆ" ಎಂದೆ. ಈ ಕೆಲಸದ ಬೆಲೆ ಅಷ್ಟೂ ಅಲ್ಲಿದೆ ಎಂದು ನಾನು ನಂಬಿದ್ದೇನೆ.

ನಾಯಿಗಾಗಿ ವ್ಯವಸ್ಥೆ ಮಾಡುವುದು ಹೊಸ ಕಾಲದ ಶೋಕಿ ಎನ್ನುವವರಿಗೆ ನಾನು ಆತಕೂರಿನ ಶಾಸನದ ಕಥೆ ಹೇಳುತ್ತೇನೆ. ಮಂಡ್ಯ ಜಿಲ್ಲೆಯ ಆ ಊರಿನ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ಹತ್ತನೆಯ ಶತಮಾನದ್ದು. ತಕ್ಕೋಲದ ಯುದ್ಧದಲ್ಲಿ ಕಾದಿದ ಮಣಲೇರನನ್ನು ಮೆಚ್ಚಿ ಅರಸ ಏನು ಬೇಕೆಂದಾಗ, ಅವನು ಬೇಡಿಕೊಂಡದ್ದು ಕಾಳಿ ಎಂಬ ನಾಯಿಯನ್ನು. ಆಮೇಲೆ ಕಾಳಿ ದೊಡ್ಡ ಹಂದಿಯೊಂದರೊಡನೆ ಹೋರಾಡಿತು, ಎರಡೂ ಸತ್ತವು. ಅದಕ್ಕೊಂದು ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಭೂಮಿಯನ್ನು ನೋಡಿಕೊಳ್ಳುವ ಗೊರವ, ಅಂದರೆ ಶೈವ ಪೂಜಾರಿ, ನಾಯಿಯ ಕಲ್ಲನ್ನು ಪೂಜಿಸದೆ ಉಣ್ಣಕೂಡದೆಂದು ಕೊರೆಸಿದರು. ಕಲ್ಲಿನ ಮೇಲೆ ನಾಯಿ, ಹಂದಿ ಇಂದಿಗೂ ಕಾದುತ್ತಿವೆ. ಯಾರದೋ ಮನೆಯ ನಾಯಿಗೆ ತಟ್ಟೆ ಇಟ್ಟು, ಆಮೇಲೆ ಮನೆಗೆ ಬಂದು ಕಾಫಿ ಕುಡಿಯುವಾಗ ಆ ಗೊರವನ ನೆನಪು ನನಗೆ ಬರುವುದುಂಟು.

ವರ್ಷದಲ್ಲಿ ಕಷ್ಟದ ದಿನಗಳೆಂದರೆ ದೀಪಾವಳಿ. ಪಟಾಕಿಯ ಹೆದರಿಕೆಗೆ ಉಪಾಯ ಕಲಿತದ್ದು ನಮ್ಮೂರ ದಸರೆಯಿಂದಲೇ. ಜಂಬೂಸವಾರಿಯ ದಿನ 21 ಕುಶಾಲತೋಪು ಹಾರುವಾಗ ಬೆದರದಿರಲೆಂದು, ಆನೆ ಕುದುರೆಗಳಿಗೆ ಮೊದಲೇ ಫಿರಂಗಿ ಸಿಡಿಸಿ ತಾಲೀಮು ಕೊಡುತ್ತಾರೆ. ನಾನು ಹಬ್ಬಕ್ಕೆ ಒಂದೆರಡು ತಿಂಗಳು ಮುಂಚೆಯೇ ಮನೆಯವರಿಗೆ ಹೇಳುತ್ತೇನೆ: ಪಟಾಕಿ ಸದ್ದನ್ನು ಫೋನಿನಲ್ಲಿ ಕೇಳಿಸೀತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ ಹಾಕಿ, ನಾಯಿಗೆ ಇಷ್ಟವಾದ ತಿಂಡಿ ಕೊಡಿ, ದಿನ ಕಳೆದಂತೆ ಸ್ವಲ್ಪ ಸ್ವಲ್ಪವೇ ಏರಿಸಿ, ಕಿವಿ ಹಿಂದಕ್ಕೆ ಹೋದರೆ ನಿಲ್ಲಿಸಿ. ಹಬ್ಬದ ರಾತ್ರಿ ಒಳಕೋಣೆಯ ಕಿಟಕಿ ಮುಚ್ಚಿ, ಫ್ಯಾನು ಜೋರು ಮಾಡಿ, ಅದರ ಪಕ್ಕ ಚಾಪೆಯ ಮೇಲೆ ಕೂರುತ್ತೇನೆ. ನಡುಗುವ ನಾಯಿಯನ್ನು ಮುದ್ದಿಸಿದರೆ ಹೆದರಿಕೆ ಹೆಚ್ಚುತ್ತದೆ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಅದು ಬಂದು ಒರಗಿದರೆ ಒರಗಲು ಬಿಡುತ್ತೇನೆ.

ಈ ದಸರಾ ರಜೆಗೆ ಎಂದಿನ ನಾಯಿಗಳ ಜೊತೆ ಒಂದು ಮೊಲವೂ ಬರುತ್ತಿದೆ, ನನಗೆ ಮೊದಲ ಮೊಲ. ಅರ್ಧ ದಿನ ತಿನ್ನದಿದ್ದರೂ ಅದರ ಕರುಳು ನಿಂತುಬಿಡಬಹುದು, ಕ್ಯಾರೆಟ್ಟಿಗಿಂತ ಒಣಹುಲ್ಲೇ ಅದರ ನಿಜವಾದ ಊಟ ಎಂದು ವೈದ್ಯರು ಹೇಳಿದ್ದಾರೆ. ಧೂಳಿಲ್ಲದ ಒಳ್ಳೆಯ ಹುಲ್ಲು ಎಲ್ಲಿ ಸಿಗುತ್ತದೆಂದು ವಿಚಾರಿಸುತ್ತಿದ್ದೇನೆ, ನೋಟ್‌ಬುಕ್ಕಿನಲ್ಲಿ ಅದಕ್ಕೊಂದು ಪುಟ ಬಿಟ್ಟಿದ್ದೇನೆ. ಮೊದಲ ಭೇಟಿ ಭಾನುವಾರ.