ಅಬ್ಬಾರ ಗಿಟಾರು ಮತ್ತು ಒಂದು ಹಿತ್ತಾಳೆ ಡಬ್ಬಿ

ನಮ್ಮ ಮನೆಯಲ್ಲಿ ಮಂಚದ ಕೆಳಗೊಂದು ಉದ್ದನೆಯ ಕಪ್ಪು ಪೆಟ್ಟಿಗೆಯಿದೆ. ಅದರೊಳಗೆ ಅಬ್ಬಾರ ಹವಾಯಿಯನ್ ಗಿಟಾರ್. ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಹಗಲೆಲ್ಲ ದುಡಿದು, ರಾತ್ರಿ ಆರ್ಕೆಸ್ಟ್ರಾಗಳಲ್ಲಿ ಈ ಗಿಟಾರ್ ನುಡಿಸಿ ಅವರು ನಮ್ಮ ನಾಲ್ವರನ್ನು ಓದಿಸಿದರು. ಗಣೇಶನ ಪೆಂಡಾಲು, ಉರುಸು, ಮದುವೆ ಎಂದು ಅವರಿಗೆ ಭೇದವಿರಲಿಲ್ಲ. ಗಿರಣಿ ಮುಚ್ಚಿತು, ಆರ್ಕೆಸ್ಟ್ರಾಗಳ ಜಾಗಕ್ಕೆ ಕೀಬೋರ್ಡು ಬಂತು. ಪೆಟ್ಟಿಗೆ ಮಾತ್ರ ಮಂಚದ ಕೆಳಗೆ ಉಳಿಯಿತು.

ಇದು ಎಲ್ಲರಿಗೂ ಗೊತ್ತಿರುವ ಗಿಟಾರ್ ಅಲ್ಲ. ಇದನ್ನು ತೊಡೆಯ ಮೇಲೋ ಸ್ಟ್ಯಾಂಡಿನ ಮೇಲೋ ಮಲಗಿಸಿ ನುಡಿಸಬೇಕು. ಎಡಗೈಯಲ್ಲಿ ಒಂದು ಉಕ್ಕಿನ ತುಂಡು. ಅದು ತಂತಿಗಳ ಮೇಲೆ ಜಾರುತ್ತದೆ, ಅದಕ್ಕೇ ಸ್ಟೀಲ್ ಗಿಟಾರ್ ಎಂಬ ಹೆಸರು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಹವಾಯಿಯ ಜೋಸೆಫ್ ಕೆಕುಕು ಎಂಬ ಹುಡುಗ ಈ ರೀತಿಯನ್ನು ಬೆಳೆಸಿದನೆಂದು ಹೇಳುತ್ತಾರೆ. 1930ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಮೊದಮೊದಲ ವಿದ್ಯುತ್ ಗಿಟಾರುಗಳಲ್ಲೊಂದು ಇದೇ ಜಾತಿಯದು. ಆಕಾರ ನೋಡಿ ಜನ ಅದಕ್ಕೆ ‘ಬಾಣಲೆ’ ಎಂದು ಹೆಸರಿಟ್ಟರು. 1940ರ ದಶಕದಲ್ಲಿ ಟೌ ಮೋ ಎಂಬ ಕಲಾವಿದ ಕುಟುಂಬಸಮೇತ ಕಲ್ಕತ್ತೆಯಲ್ಲಿ ನೆಲೆಸಿದ್ದಾಗ ಅಲ್ಲಿನವರಿಗೆ ಇದರ ಹುಚ್ಚು ಹಿಡಿಯಿತು. ಕವಿ ಕಾಜಿ ನಜ್ರುಲ್ ಇಸ್ಲಾಂ ಅವರ ಮಗ ಕಾಜಿ ಅನಿರುದ್ಧ ಈ ವಾದ್ಯದ ದೊಡ್ಡ ಕಲಾವಿದರಾದರು. ವ್ಯಾನ್ ಶಿಪ್ಲೆ ಹಿಂದಿ ಚಿತ್ರಗೀತೆಗಳನ್ನು ಇದರಲ್ಲಿ ನುಡಿಸಿ ಮನೆಮಾತಾದರು. ಬ್ರಿಜ್ ಭೂಷಣ್ ಕಾಬ್ರಾ ರಾಗಗಳನ್ನೇ ನುಡಿಸಿದರು. 1967ರ ‘ಕಾಲ್ ಆಫ್ ದ ವ್ಯಾಲಿ’ ಧ್ವನಿಮುದ್ರಿಕೆಯಲ್ಲಿ ಸಂತೂರ್ ಮತ್ತು ಕೊಳಲಿನ ಜೊತೆ ಕೇಳುವುದು ಅವರ ಗಿಟಾರೇ. ಅಬ್ಬಾ ಇವರನ್ನೆಲ್ಲ ರೇಡಿಯೊದಲ್ಲಿ ಕೇಳಿ ಕಲಿತವರು.

ಎರಡು ವರ್ಷಗಳ ಹಿಂದೆ ನನ್ನ ತಂಗಿಯ ಮಗನ ಮದುವೆ ಗೊತ್ತಾಯಿತು. ಹುಡುಗ ಹಟ ಹಿಡಿದ: ‘ವಲೀಮಾದ ದಿನ ನಾನಾ ಗಿಟಾರ್ ನುಡಿಸಲೇಬೇಕು.’ ಎಪ್ಪತ್ತಾರರ ಅಬ್ಬಾ ಬೇಡ ಬೇಡವೆನ್ನುತ್ತಲೇ ಪೆಟ್ಟಿಗೆ ಎಳೆಸಿದರು. ಹೊಸ ತಂತಿ ಹಾಕಿಸಿದೆವು. ಹಳೆಯ ಆಂಪ್ಲಿಫೈಯರ್ ಕೂಡ ರಿಪೇರಿಯಾಗಿ ಬಂತು.

ಮೊದಲ ಸಂಜೆಯೇ ತೊಂದರೆ ತಿಳಿಯಿತು. ಅಬ್ಬಾ ಆಂಪ್ಲಿಫೈಯರ್‌ನ ಟ್ರೆಬಲ್ ನಾಬನ್ನು ಕೊನೆಯವರೆಗೂ ತಿರುಗಿಸಿಟ್ಟು ನುಡಿಸತೊಡಗಿದರು. ತಗಡಿನ ಮೇಲೆ ಮೊಳೆ ಎಳೆದಂಥ ಸದ್ದು. ಮಕ್ಕಳು ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಓಡಿದರು. ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡರು. ಅಬ್ಬಾ ಮಾತ್ರ ಕಣ್ಣು ಮುಚ್ಚಿ ನುಡಿಸುತ್ತಲೇ ಇದ್ದರು. ‘ದನಿ ಇನ್ನೂ ಮಂಕಾಗಿದೆ ಬೇಟಾ, ಆಂಪ್ಲಿಫೈಯರ್ ಸರಿ ಮಾಡಿಲ್ಲ’ ಎಂದರು.

ವಯಸ್ಸಾದಂತೆ ಕಿವಿಯಿಂದ ಮೊದಲು ಹೋಗುವುದು ಮೇಲಿನ ಸ್ವರಗಳು, ಚೂಪು ಸದ್ದುಗಳು. ಮಾತಿನಲ್ಲಾದರೆ ಸ, ಶ, ಫ ಮುಂತಾದವು ಮಾಸುತ್ತವೆ. ಅಬ್ಬಾ ಕೆಲವು ವರ್ಷಗಳಿಂದ ‘ಗೊಣಗಬೇಡಿ, ಬಾಯಿ ಬಿಟ್ಟು ಮಾತಾಡಿ’ ಎಂದು ನಮ್ಮನ್ನು ಗದರುತ್ತಿದ್ದರು. ಗೊಣಗುತ್ತಿದ್ದವರು ನಾವಲ್ಲ ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕಿವಿಯನ್ನೇ ನಂಬಿ ಬದುಕಿದವರಿಗೆ ‘ನಿಮ್ಮ ಕಿವಿ ಹೋಗಿದೆ’ ಎಂದು ಹೇಗೆ ಹೇಳುವುದು?

ನಾನು ಹೇಳಲಿಲ್ಲ. ಉಪಾಯ ಹುಡುಕಿದೆ. ಅಬ್ಬಾರ ಗಿಟಾರಿನಲ್ಲಿ ವಾಲ್ಯೂಮ್ ಬಿಟ್ಟರೆ ಟೋನ್ ನಾಬ್ ಇಲ್ಲ. ಅದರ ಮೈಗೆ ತೂತು ಕೊರೆಯುವುದು ನನ್ನಿಂದಾಗದ ಕೆಲಸ. ಹೊರಗೊಂದು ಡಬ್ಬಿ ಮಾಡಿ ತಂತಿಯ ನಡುವೆ ಸೇರಿಸಿದರಾಯಿತಲ್ಲ? ವಿದ್ಯೆ ಸರಳ. ಗಿಟಾರಿನಿಂದ ಬರುವ ಸಂಕೇತಕ್ಕೆ ಕೆಪಾಸಿಟರ್ ಮೂಲಕ ಅರ್ಥಿಗೊಂದು ದಾರಿ ಕೊಟ್ಟರೆ ಚೂಪು ಸದ್ದು ಆ ದಾರಿಯಲ್ಲಿ ಇಳಿದುಹೋಗುತ್ತದೆ, ದಪ್ಪ ಸ್ವರಗಳು ಉಳಿಯುತ್ತವೆ. ಎಷ್ಟು ಇಳಿಯಬೇಕು ಎಂಬುದಕ್ಕೆ ಕಾವಲುಗಾರನಂತೆ ಒಂದು ಪೊಟೆನ್ಶಿಯೊಮೀಟರ್. ನೆನಪಿಡಬೇಕಾದ್ದು ಒಂದೇ: ಇಂಥ ಡಬ್ಬಿ ಇರುವುದನ್ನು ಕಡಿಮೆ ಮಾಡಬಲ್ಲದು, ಇಲ್ಲದ್ದನ್ನು ತಂದುಕೊಡಲಾರದು.

ಮುಚ್ಚಳದ ಕೀಲು ಮುರಿದ ಎಲೆಅಡಿಕೆಯ ಹಿತ್ತಾಳೆ ಡಬ್ಬಿಯೊಂದನ್ನು ಅಮ್ಮಿ ಕೊಟ್ಟರು. ಲೋಹದ ಡಬ್ಬಿಯೇ ಆಗಬೇಕು, ಇಲ್ಲವಾದರೆ ಮನೆಯ ಕರೆಂಟಿನ ಗುಂಯ್ ಸದ್ದು ಒಳಗೆ ನುಗ್ಗುತ್ತದೆ. ಹಿತ್ತಾಳೆಗೆ ಬೆಸುಗೆಯೂ ಚೆನ್ನಾಗಿ ಕೂರುತ್ತದೆ. ಹಳೆಯ ಟ್ರಾನ್ಸಿಸ್ಟರ್ ರೇಡಿಯೊದಿಂದ 10 ಕಿಲೊ ಓಮ್‌ನ ವಾಲ್ಯೂಮ್ ಕಂಟ್ರೋಲ್ ಕಿತ್ತು ಹಾಕಿದೆ. ನಾಬನ್ನು ಪೂರ್ತಿ ತೆರೆದರೂ ಗಿಟಾರ್ ಕಂಬಳಿ ಹೊದ್ದಂತೆ ಹಾಡಿತು. 10 ಕಿಲೊ ಓಮ್ ಎಂಬುದು ಗಿಟಾರಿನ ಕ್ಷೀಣ ಸಂಕೇತಕ್ಕೆ ಬಾಗಿಲೇ ಅಲ್ಲ, ಸದಾ ತೆರೆದಿರುವ ಕಿಂಡಿ. 500 ಕಿಲೊ ಓಮ್‌ನದು ಬೇಕಿತ್ತು. ಅದರಲ್ಲೂ ‘ಲಾಗ್’ ಜಾತಿಯದು. ‘ಲೀನಿಯರ್’ ಹಾಕಿದರೆ ಬದಲಾವಣೆಯೆಲ್ಲ ನಾಬಿನ ಕೊನೆಯ ತುದಿಯಲ್ಲೇ ಗುಂಪುಗೂಡುತ್ತದೆ. ಅಂಗಡಿಯಿಂದ ತಂದು, 0.047 ಮೈಕ್ರೊಫ್ಯಾರಡ್ ಕೆಪಾಸಿಟರ್ ಜೊತೆ ಬೆಸೆದೆ. ಈಗ ನಾಬ್ ತಿರುಗಿಸಿದಂತೆ ಮೊಳೆಯ ಸದ್ದು ಮೆಲ್ಲನೆ ಜೇನಾಯಿತು.

ಡಬ್ಬಿಯನ್ನು ಅಬ್ಬಾರ ಬೆನ್ನ ಹಿಂದೆ, ಬೀರುವಿನ ಸಂದಿಯಲ್ಲಿ, ಕಾಲಿನಿಂದ ಒತ್ತುವ ವಾಲ್ಯೂಮ್ ಪೆಡಲಿಗೂ ಆಂಪ್ಲಿಫೈಯರಿಗೂ ನಡುವೆ ಬಚ್ಚಿಟ್ಟೆ. ಅವರ ಟ್ರೆಬಲ್ ನಾಬ್ ಕೊನೆಯಲ್ಲೇ ಇರಲಿ, ಅವರ ಸಮಾಧಾನಕ್ಕೆ. ಆ ಸಂಜೆ ಮಕ್ಕಳು ಓಡಲಿಲ್ಲ. ಅಮ್ಮಿ ಒಳಗಿನಿಂದ ಬಂದು ಬಾಗಿಲಿಗೊರಗಿ ನಿಂತರು. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಮೂರನೆಯ ದಿನ ಅಬ್ಬಾ ನುಡಿಸುವುದನ್ನು ನಿಲ್ಲಿಸಿದರು. ‘ಪೆಡಲ್ ಸಡಿಲಿಸಿದಾಗ ದನಿ ಸಣ್ಣದಾಗುವುದಷ್ಟೇ ಅಲ್ಲ, ಮಂಕೂ ಆಗುತ್ತದೆ. ಒತ್ತಿದರೆ ಮತ್ತೆ ತೆರೆದುಕೊಳ್ಳುತ್ತದೆ. ಮೊದಲು ಹೀಗಿರಲಿಲ್ಲ’ ಎಂದರು. ನಿಧಾನವಾಗಿ ಎದ್ದು, ಕೇಬಲ್ ಹಿಡಿದು, ಬೀರುವಿನವರೆಗೆ ನಡೆದರು. ಅಮ್ಮಿಯ ಡಬ್ಬಿ ಅವರ ಕೈಯಲ್ಲಿತ್ತು. ಅವರು ಹೇಳಿದ್ದು ನಿಜವೇ ಆಗಿತ್ತು. ಡಬ್ಬಿಯನ್ನು ಪೆಡಲಿನ ಆಚೆ ಇಟ್ಟರೆ, ಪೆಡಲ್ ಅರ್ಧಕ್ಕೆ ಬಂದಾಗ ಅದರೊಳಗಿನ ಅಡ್ಡಿಯೂ ಸೇರಿಕೊಂಡು ಕೆಪಾಸಿಟರ್ ಹೆಚ್ಚು ನುಂಗುತ್ತದೆ. ಅದನ್ನು ಗಿಟಾರಿನ ಪಕ್ಕ, ಪೆಡಲಿಗೆ ಮೊದಲೇ ಇಡಬೇಕಿತ್ತು. ನನ್ನ ತಪ್ಪನ್ನು ಹಿಡಿದದ್ದು, ಹೋಗಿದೆ ಎಂದು ನಾನು ತೀರ್ಮಾನಿಸಿದ್ದ ಅದೇ ಕಿವಿ.

ನಾನು ಎಲ್ಲವನ್ನೂ ಹೇಳಿದೆ. ಅಬ್ಬಾ ಏನೂ ಮಾತಾಡಲಿಲ್ಲ. ಗಿಟಾರ್ ಪೆಟ್ಟಿಗೆ ಸೇರಿತು. ಎರಡು ದಿನ ಮನೆಯಲ್ಲಿ ಸದ್ದಿಲ್ಲ. ಮೂರನೆಯ ದಿನ ಫಜ್ರ್ ಮುಗಿಸಿ ಬಂದವರು ನನ್ನನ್ನು ಕರೆದರು.

‘ಸ್ಟೇಜಿನ ಮೇಲೆ ಕೂತವನಿಗೆ ತನ್ನ ದನಿ ಹೇಗೆ ಕೇಳುತ್ತದೆಂದು ಎಂದೂ ಗೊತ್ತಾಗುವುದಿಲ್ಲ ಬೇಟಾ. ಆರ್ಕೆಸ್ಟ್ರಾದಲ್ಲಿ ನಾವು ಒಬ್ಬ ಹುಡುಗನನ್ನು ಜನರ ನಡುವೆ ನಿಲ್ಲಿಸುತ್ತಿದ್ದೆವು. ಅವನು ಕೈ ಮೇಲೆ ಕೆಳಗೆ ಮಾಡುತ್ತಿದ್ದ, ನಾವು ಅದರಂತೆ ತಿರುಗಿಸುತ್ತಿದ್ದೆವು. ಅದರಲ್ಲಿ ಅವಮಾನ ಏನಿತ್ತು? ನೀನು ಕೈ ತೋರಿಸಬೇಕಿತ್ತು. ಬಚ್ಚಿಟ್ಟೆ. ಅದು ನೋವಾಯಿತು.’

ನಾನು ತಲೆ ತಗ್ಗಿಸಿದೆ. ಹಿರಿಯರನ್ನು ನೋಯಿಸಬಾರದು ಎಂದುಕೊಂಡು ನಾವು ಎಷ್ಟು ವಿಷಯಗಳನ್ನು ಅವರ ಬೆನ್ನ ಹಿಂದೆ ತಿರುಗಿಸಿಬಿಡುತ್ತೇವೆ! ಔಷಧಿಯ ವಿಷಯ, ಸಾಲದ ವಿಷಯ, ಆಸ್ತಿಯ ವಿಷಯ. ಅದಕ್ಕೆ ಗೌರವ ಎಂಬ ಹೆಸರನ್ನೂ ಇಡುತ್ತೇವೆ. ಗೌರವವೆಂದರೆ ನಾಬನ್ನು ಅವರ ಕೈಗೇ ಕೊಡುವುದು ಎಂಬುದು ನನಗೆ ಹೊಳೆದಿರಲಿಲ್ಲ.

ಅದೇ ವಾರ ಕಿವಿ ಪರೀಕ್ಷೆ ಮಾಡಿಸಿದೆವು. ನಕ್ಷೆಯ ಗೆರೆ ಎಡಗಡೆ ನೆಟ್ಟಗಿದ್ದು ಬಲಗಡೆಗೆ ಹೋದಂತೆ ಗುಡ್ಡ ಇಳಿದಂತೆ ಇಳಿದಿತ್ತು. ಅಬ್ಬಾ ಅದನ್ನು ದಿಟ್ಟಿಸಿ ನೋಡಿ, ‘ನಿನ್ನ ಡಬ್ಬಿ ನನ್ನ ಕಿವಿಯೊಳಗೇ ಇದೆ’ ಎಂದು ನಕ್ಕರು. ಶ್ರವಣ ಸಾಧನ ಬಂತು. ಮಾತಿಗೆ ಅನುಕೂಲವಾಯಿತು. ಸಂಗೀತಕ್ಕೆ ಮಾತ್ರ ಅದು ಹೊಂದಲಿಲ್ಲ, ಎಲ್ಲ ತಗಡಾಗುತ್ತದೆ ಎಂದು ನುಡಿಸುವಾಗ ತೆಗೆದಿಡುತ್ತಾರೆ.

ಡಬ್ಬಿ ಈಗ ಸ್ಟ್ಯಾಂಡಿನ ಕಾಲಿಗೆ, ಅಬ್ಬಾರ ಬಲಗೈಗೆ ಸಿಗುವಂತೆ ಬಿಗಿಯಾಗಿದೆ. ಗಿಟಾರಿನಿಂದ ಡಬ್ಬಿಗೆ, ಡಬ್ಬಿಯಿಂದ ಪೆಡಲಿಗೆ. ಎರಡೂ ಕೈಗಳಿಗೆ ಕೆಲಸವಿರುವ ವಾದ್ಯ ಇದು. ಒಂದು ಸಾಲು ಮುಗಿದು ಇನ್ನೊಂದು ಶುರುವಾಗುವ ನಡುವಿನ ಕ್ಷಣದಲ್ಲಿ ಮಾತ್ರ ಕೈ ಬಿಡುವಾಗುತ್ತದೆ. ಹಾಗಾಗಿ ಅದು ಹತ್ತಿರವೇ ಇರಬೇಕು.

ವಲೀಮಾದ ದಿನ ನನ್ನ ಹತ್ತು ವರ್ಷದ ಮಗಳು ಊಟದ ಪಂಕ್ತಿಗಳ ಆಚೆ, ಹಾಲಿನ ಕೊನೆಯಲ್ಲಿ ನಿಂತಿದ್ದಳು. ಅಬ್ಬಾ ಮೊದಲ ಸಾಲು ನುಡಿಸಿ ಅವಳತ್ತ ನೋಡಿದರು. ಅವಳು ಅಂಗೈಯನ್ನು ಕೆಳಗೆ ಮಾಡಿದಳು. ಅವರು ತಿರುಗಿಸಿದರು. ಇನ್ನೂ ಸ್ವಲ್ಪ ಎಂದಳು. ಮತ್ತೆ ತಿರುಗಿಸಿದರು. ಆಮೇಲೆ ಅವಳು ತಲೆಯಾಡಿಸಿದಳು.

ಅಬ್ಬಾ ಕಣ್ಣು ಮುಚ್ಚಿ ನುಡಿಸತೊಡಗಿದರು.